ಫೋಲ್ಡರ್ ಒಳಗೊಂದು ಫೋಲ್ಡರ್, ಅದರೊಳಗೆ ಫೈಲ್: ಟೆಸ್ಟ್ ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಒಂದರೊಳಗೊಂದು ಇರುವ ಡೈರೆಕ್ಟರಿಗಳಲ್ಲಿ (ಅಂದರೆ ಫೋಲ್ಡರ್‌ಗಳಲ್ಲಿ) ಫೈಲ್ ಸರಿಯಾಗಿ ಕ್ರಿಯೇಟ್ ಆಗುತ್ತಾ ಅಂತ ಟೆಸ್ಟ್ ಬರೆಯುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇವು. ಬಹುಪಾಲು ಉದಾಹರಣೆಗಳು ಲಿನಕ್ಸ್ ಮತ್ತು ಇಎಕ್ಸ್‌ಟಿ4 ಫೈಲ್ ಸಿಸ್ಟಮ್‌ಗೆ ಸೇರಿದವು. ವಿಂಡೋಸ್, ಮ್ಯಾಕ್, ಪೆನ್‌ಡ್ರೈವ್ ವಿಷಯ ಬೇಕಾದ ಕಡೆ ಬರುತ್ತದೆ. ಕಮಾಂಡ್‌ಗಳನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದೆ. ಟರ್ಮಿನಲ್‌ನಲ್ಲಿ ಮಾಮೂಲಿ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಿ.

ಒಂದು ಫೈಲ್ ಕ್ರಿಯೇಟ್ ಆದ್ರೆ ಸಾವಿರನೂ ಆಗುತ್ತೆ ಅಲ್ವಾ? ಇದಕ್ಕೂ ಟೆಸ್ಟ್ ಬೇಕಾ?

ಬೇಕು. "ಡೇಟಾ/ಕೋಲಾರ/ಮಾಲೂರು/ಪಹಣಿ.ಪಿಡಿಎಫ್" ಅನ್ನುವ ಫೈಲನ್ನೇ ತೆಗೆದುಕೊಳ್ಳಿ. ಇದನ್ನು ಕ್ರಿಯೇಟ್ ಮಾಡು ಅಂದಾಗ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಮೊದಲು ಡೇಟಾ ಡೈರೆಕ್ಟರಿಯನ್ನು ಹುಡುಕುತ್ತದೆ. ಅದರೊಳಗೆ ಹೋಗಲು ನಿಮಗೆ ಅನುಮತಿ ಇದೆಯಾ ನೋಡುತ್ತದೆ. ಆಮೇಲೆ ಕೋಲಾರ, ಆಮೇಲೆ ಮಾಲೂರು. ಪ್ರತಿ ಹಂತದಲ್ಲೂ ಅದೇ ತಪಾಸಣೆ. ಕೊನೆಗೆ ಹೊಸ ಐನೋಡ್ (ಒಂದು ಫೈಲ್‌ನ ವಿವರ ಇಡುವ ದಾಖಲೆ) ಒಂದನ್ನು ತೆಗೆದುಕೊಂಡು, ಮಾಲೂರು ಡೈರೆಕ್ಟರಿಯೊಳಗೆ "ಪಹಣಿ.ಪಿಡಿಎಫ್ ಅಂದರೆ ಈ ಐನೋಡ್" ಅಂತ ಒಂದು ನಮೂದು ಬರೆಯುತ್ತದೆ. ಆ ಡೈರೆಕ್ಟರಿಯಲ್ಲಿ ಜಾಗ ಸಾಲದಿದ್ದರೆ ಅದಕ್ಕೆ ಇನ್ನೊಂದು ಬ್ಲಾಕ್ ಸೇರಿಸುತ್ತದೆ. ಇದೆಲ್ಲವೂ ಜರ್ನಲ್‌ಗೆ, ಅಂದರೆ ಫೈಲ್ ಸಿಸ್ಟಮ್ ತನ್ನ ಬದಲಾವಣೆಗಳನ್ನು ಮೊದಲು ಬರೆದಿಡುವ ದಾಖಲೆಗೆ ಹೋಗಬೇಕು.

ಇದರಲ್ಲಿ ಯಾವ ಹೆಜ್ಜೆ ಬೇಕಾದರೂ ಕೈಕೊಡಬಹುದು, ಒಂದೊಂದಕ್ಕೂ ಎರರ್ ಬೇರೆ ಬೇರೆ. ಫೈಲ್ ಕ್ರಿಯೇಟ್ ಆಯಿತಾ ಅನ್ನುವುದು ಟೆಸ್ಟ್‌ನ ಸುಲಭದ ಭಾಗ. ಅರ್ಧಕ್ಕೆ ನಿಂತರೆ ನಿಮ್ಮ ಪ್ರೋಗ್ರಾಂ ಏನು ಹೇಳುತ್ತದೆ, ಡಿಸ್ಕಿನಲ್ಲಿ ಏನು ಉಳಿಯುತ್ತದೆ ಅನ್ನುವುದೇ ನಿಜವಾದ ಕೆಲಸ. ಈ ಪುಟದ ಬಹುಪಾಲು ಉತ್ತರಗಳು ಅದರ ಸುತ್ತಲೇ ಇವೆ.

ಟೆಸ್ಟ್‌ಗೆ ನನ್ನ ಲ್ಯಾಪ್‌ಟಾಪ್ ಡಿಸ್ಕನ್ನೇ ಬಳಸಬಹುದಾ?

ಬೇಡ. ಒಂದು ಲೂಪ್ ತಪ್ಪಿದರೆ ಲಕ್ಷಾಂತರ ಫೋಲ್ಡರ್ ಹುಟ್ಟಿ, ನಿಮ್ಮ ಮೇಲ್ ಕ್ಲೈಂಟ್ ಕೂಡ ತಾತ್ಕಾಲಿಕ ಫೈಲ್ ಬರೆಯಲಾಗದೆ ಕೂರುತ್ತದೆ. ಒಂದು ಫೈಲನ್ನೇ ಡಿಸ್ಕ್ ಹಾಗೆ ಬಳಸಿ. "ಟ್ರಂಕೇಟ್ -ಎಸ್ 1ಜಿ ಟೆಸ್ಟ್.ಐಎಂಜಿ" ಅಂದರೆ 1 ಜಿಬಿ ಇಮೇಜ್ ಫೈಲ್ ಸಿಗುತ್ತದೆ. ಅದರ ಮೇಲೆ "ಎಂಕೆಎಫ್‌ಎಸ್.ಇಎಕ್ಸ್‌ಟಿ4" ಓಡಿಸಿ, "ಮೌಂಟ್ -ಓ ಲೂಪ್" ಹಾಕಿ ಮೌಂಟ್ ಮಾಡಿ (ಒಂದು ಡೈರೆಕ್ಟರಿಗೆ ಜೋಡಿಸಿ). ಏನೇ ಹಾಳಾದರೂ ಆ ಫೈಲ್ ಒಳಗೇ ಹಾಳಾಗುತ್ತದೆ.

ಒಂದು ಎಚ್ಚರಿಕೆ. ಟ್ರಂಕೇಟ್ ಕೊಡುವ ಫೈಲ್ ಮೊದಲಿಗೆ ಡಿಸ್ಕಿನಲ್ಲಿ ನಿಜವಾದ ಜಾಗ ಹಿಡಿದಿರುವುದಿಲ್ಲ, ಬರೆದ ಹಾಗೆ ಬೆಳೆಯುತ್ತದೆ. ಹೊರಗಿನ ಡಿಸ್ಕ್ ಮೊದಲೇ ತುಂಬಿದ್ದರೆ ಒಳಗಿನ ಫೈಲ್ ಸಿಸ್ಟಮ್‌ಗೆ ವಿಚಿತ್ರವಾದ ಐ/ಓ ಎರರ್ ಬರುತ್ತದೆ. ಅದನ್ನು ನಿಮ್ಮ ಪ್ರೋಗ್ರಾಂ ತಪ್ಪು ಅಂದುಕೊಂಡು ಹುಡುಕುತ್ತಾ ಕೂರಬೇಡಿ.

ಟಿಎಂಪಿಎಫ್‌ಎಸ್ ಮೇಲೂ ಟೆಸ್ಟ್ ಓಡಿಸಬಹುದು, ಬಹಳ ವೇಗ. ಆದರೆ ಅದು ಮೆಮರಿಯಲ್ಲಿರುವ ಫೈಲ್ ಸಿಸ್ಟಮ್. ಜರ್ನಲ್ ಇಲ್ಲ, ಡಿಸ್ಕ್ ಇಲ್ಲ. ಲಾಜಿಕ್ ಪರೀಕ್ಷೆಗೆ ಸಾಕು, ಡಿಸ್ಕ್ ಪರೀಕ್ಷೆಗೆ ಸಾಲದು.

ಮರ ಎಷ್ಟು ಆಳ, ಎಷ್ಟು ಅಗಲ ಇರಬೇಕು?

ಮರ ಅಂದರೆ ಒಂದರೊಳಗೊಂದು ಇರುವ ಡೈರೆಕ್ಟರಿಗಳ ಇಡೀ ಗುಂಪು. ನಿಮ್ಮ ಅಪ್ಲಿಕೇಶನ್ ನಿಜವಾಗಿ ಎಷ್ಟು ಬಳಸುತ್ತದೋ ಅದರ ಎರಡರಷ್ಟು ಇಟ್ಟುಕೊಳ್ಳಿ ಅನ್ನುವುದು ನನ್ನ ಸಲಹೆ. ಆದರೆ ಸಂಖ್ಯೆ ಹಾಕುವ ಮೊದಲು ಒಂದು ಲೆಕ್ಕ ಮಾಡಿ. ಪ್ರತಿ ಡೈರೆಕ್ಟರಿಯೊಳಗೆ 10 ಡೈರೆಕ್ಟರಿ, ಒಟ್ಟು 5 ಹಂತ ಅಂದರೆ ಕೇಳಲು ಚಿಕ್ಕದು. ಕೂಡಿದರೆ 10, 100, 1,000, 10,000, 1,00,000. ಒಟ್ಟು 1,11,110 ಡೈರೆಕ್ಟರಿ. ಇಎಕ್ಸ್‌ಟಿ4ನಲ್ಲಿ ಖಾಲಿ ಡೈರೆಕ್ಟರಿಯೂ ಸಾಮಾನ್ಯವಾಗಿ 4 ಕೆಬಿಯ ಒಂದು ಬ್ಲಾಕ್ ಹಿಡಿಯುತ್ತದೆ. ಅಂದರೆ ಒಂದೇ ಒಂದು ಫೈಲ್ ಇಡುವ ಮೊದಲೇ ಸುಮಾರು 434 ಎಂಬಿ ಹೋಯಿತು. ಒಂದು ಹಂತ ಹೆಚ್ಚಿಸಿದರೆ ಇದು ಹತ್ತರಷ್ಟಾಗುತ್ತದೆ.

ಆಳ ಮತ್ತು ಅಗಲ ಬೇರೆ ಬೇರೆ ತೊಂದರೆ ತೋರಿಸುತ್ತವೆ. ಅಗಲದ ಮರ ಐನೋಡ್‌ಗಳನ್ನು ಖಾಲಿ ಮಾಡುತ್ತದೆ, ಆಳದ ಮರ ಪಾತ್‌ನ ಉದ್ದದ ಮಿತಿಯನ್ನು ಮುಟ್ಟುತ್ತದೆ. ಒಂದೇ ಟೆಸ್ಟ್‌ನಲ್ಲಿ ಎರಡನ್ನೂ ಸೇರಿಸಿದರೆ ಯಾವುದರಿಂದ ಬಿತ್ತು ಅಂತ ಗೊತ್ತಾಗಲ್ಲ. ಒಂದು ಅಗಲದ್ದು, ಒಂದು ಆಳದ್ದು ಅಂತ ಬೇರೆ ಬೇರೆ ಬರೆಯಿರಿ.

ಡಿಸ್ಕಿನಲ್ಲಿ ಜಾಗ ಇದೆ. ಆದ್ರೂ "ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್" ಅನ್ನುತ್ತೆ. ಯಾಕೆ?

ಜಾಗ ಇದ್ದರೂ ಐನೋಡ್ ಮುಗಿದಿರಬಹುದು. ಇಎಕ್ಸ್‌ಟಿ4 ಫಾರ್ಮ್ಯಾಟ್ ಮಾಡುವಾಗಲೇ ಎಷ್ಟು ಐನೋಡ್ ಅಂತ ತೀರ್ಮಾನ ಆಗಿಬಿಡುತ್ತದೆ. ಡೀಫಾಲ್ಟ್ ಆಗಿ 16 ಕೆಬಿಗೆ ಒಂದು. ಆಮೇಲೆ ಫೈಲ್ ಸಿಸ್ಟಮ್ ದೊಡ್ಡದು ಮಾಡದೆ ಇದನ್ನು ಹೆಚ್ಚಿಸಲು ಆಗಲ್ಲ.

ಮೇಲಿನ 1 ಜಿಬಿ ಇಮೇಜ್‌ನಲ್ಲೇ ನೋಡಿ. 1 ಜಿಬಿಯನ್ನು 16 ಕೆಬಿಯಿಂದ ಭಾಗಿಸಿದರೆ 65,536 ಐನೋಡ್. ಹೊಸದಾಗಿ ಫಾರ್ಮ್ಯಾಟ್ ಮಾಡಿದ ತಕ್ಷಣ "ಡಿಎಫ್ -ಐ" ಹಾಕಿದರೆ 11 ಆಗಲೇ ಬಳಕೆಯಲ್ಲಿವೆ ಅಂತ ತೋರಿಸುತ್ತದೆ. ಫೈಲ್ ಸಿಸ್ಟಮ್ ತನಗಾಗಿ ಇಟ್ಟುಕೊಂಡ 10, ಮತ್ತು "ಲಾಸ್ಟ್+ಫೌಂಡ್" ಡೈರೆಕ್ಟರಿಗೆ 1. ನಿಮಗೆ ಉಳಿದದ್ದು 65,525. ಈಗ 10 ಅಗಲ 5 ಹಂತದ ಮರವನ್ನು ಮೇಲಿನಿಂದ ಕೆಳಕ್ಕೆ, ಹಂತ ಹಂತವಾಗಿ ಕಟ್ಟಿ. ಮೊದಲ ನಾಲ್ಕು ಹಂತಕ್ಕೆ 11,110 ಬೇಕು, ಸಲೀಸಾಗಿ ಆಗುತ್ತದೆ. ಐದನೇ ಹಂತದಲ್ಲಿ 54,415ನೇ ಡೈರೆಕ್ಟರಿ ಆದಮೇಲೆ ಗಾಡಿ ನಿಲ್ಲುತ್ತದೆ. ಆಗ ಸುಮ್ನೆ "ಡಿಎಫ್ -ಎಚ್" ಹಾಕಿದರೆ ಅರ್ಧಕ್ಕಿಂತ ಜಾಸ್ತಿ ಜಾಗ ಖಾಲಿ ಕಾಣುತ್ತದೆ. "ಡಿಎಫ್ -ಐ" ಹಾಕಿದರೆ ನೂರಕ್ಕೆ ನೂರು ಬಳಕೆ.

ಜಾಗ ಮುಗಿದರೂ ಐನೋಡ್ ಮುಗಿದರೂ ಎರರ್ ಕೋಡ್ ಒಂದೇ, ಇಎನ್‌ಓಎಸ್‌ಪಿಸಿ. ಅದಕ್ಕೇ ಪ್ರೊಡಕ್ಷನ್‌ನಲ್ಲಿ ಈ ತೊಂದರೆ ಬಂದಾಗ ಮಂದಿ ಗಂಟೆಗಟ್ಟಲೆ ದೊಡ್ಡ ಫೈಲ್ ಹುಡುಕಿ ಅಳಿಸುತ್ತಾರೆ, ಏನೂ ಪ್ರಯೋಜನ ಆಗಲ್ಲ. ಅಳಿಸಬೇಕಾದ್ದು ಸಾವಿರಾರು ಸಣ್ಣ ಫೈಲ್. ಸೆಷನ್ ಫೈಲ್, ಕ್ಯಾಶ್ ಫೈಲ್, ಹಳೆಯ ಮೇಲ್ ಕ್ಯೂ ಇಂಥವು.

ಈ ಸ್ಥಿತಿಯನ್ನು ಬೇಕೆಂದೇ ತರಿಸಲು ಫಾರ್ಮ್ಯಾಟ್ ಮಾಡುವಾಗ "-ಎನ್" ದೊಡ್ಡಕ್ಷರ ಹಾಕಿ ಐನೋಡ್ ಸಂಖ್ಯೆಯನ್ನು ಕಡಿಮೆ ಕೊಡಿ. ಕೊಟ್ಟ ಸಂಖ್ಯೆಗಿಂತ ಸ್ವಲ್ಪ ಜಾಸ್ತಿ ಸಿಗಬಹುದು, ಮೌಂಟ್ ಮಾಡಿ "ಡಿಎಫ್ -ಐ"ನಲ್ಲಿ ನೋಡಿಕೊಳ್ಳಿ. ಎಕ್ಸ್‌ಎಫ್‌ಎಸ್ ಮತ್ತು ಬಿಟಿಆರ್‌ಎಫ್‌ಎಸ್ ಅನ್ನುವ ಬೇರೆ ಫೈಲ್ ಸಿಸ್ಟಮ್‌ಗಳು ಐನೋಡ್‌ಗಳನ್ನು ಬೇಕಾದ ಹಾಗೆ ಮಾಡಿಕೊಳ್ಳುತ್ತವೆ, ಅಲ್ಲಿ ಈ ಟೆಸ್ಟ್ ಇದೇ ರೀತಿ ಬೀಳಲ್ಲ.

ಇನ್ನೊಂದು ವಿಷಯ. ಇಎಕ್ಸ್‌ಟಿ4 ಡೀಫಾಲ್ಟ್ ಆಗಿ 5% ಬ್ಲಾಕ್‌ಗಳನ್ನು ರೂಟ್ ಯೂಸರ್‌ಗೆ (ಎಲ್ಲ ಅಧಿಕಾರ ಇರುವ ಯೂಸರ್) ಮೀಸಲಿಡುತ್ತದೆ. ರೂಟ್ ಆಗಿ ಓಡಿಸಿದ ಟೆಸ್ಟ್‌ಗೆ ಜಾಗ ಇರುತ್ತದೆ, ಸಾಮಾನ್ಯ ಯೂಸರ್‌ಗೆ ಇರಲ್ಲ.

"ಎಂಕೆಡಿರ್ -ಪಿ" ಇದೆಯಲ್ಲ, ಅದರಲ್ಲಿ ಟೆಸ್ಟ್ ಮಾಡೋದು ಏನಿದೆ?

ಎಂಕೆಡಿರ್ ಅಂದರೆ ಡೈರೆಕ್ಟರಿ ಮಾಡುವ ಕಮಾಂಡ್. "-ಪಿ" ಇಲ್ಲದೆ ಓಡಿಸಿದಾಗ ಮೇಲಿನ ಡೈರೆಕ್ಟರಿ ಇಲ್ಲದಿದ್ದರೆ ಎರರ್ ಬರುತ್ತದೆ. "-ಪಿ" ಹಾಕಿದರೆ ನಡುವಿನದ್ದೆಲ್ಲ ತಾನೇ ಮಾಡಿಕೊಳ್ಳುತ್ತದೆ, ಆಗಲೇ ಇದ್ದರೂ ಗಲಾಟೆ ಮಾಡಲ್ಲ. ಎರಡು ಸಲ ಓಡಿಸಿದರೂ ಫಲಿತಾಂಶ ಒಂದೇ. ಇದು ಎಲ್ಲರಿಗೂ ಗೊತ್ತು. ಮರೆತುಹೋಗುವ ಸಂದರ್ಭಗಳು ಬೇರೆ ಇವೆ.

ನಡುದಾರಿಯಲ್ಲಿ ಫೈಲ್ ಕೂತಿದ್ದರೆ? ಡೇಟಾ ಒಳಗೆ "ಕೋಲಾರ" ಅನ್ನುವುದು ಡೈರೆಕ್ಟರಿ ಅಲ್ಲ, ಯಾರೋ ಇಟ್ಟ ಸಾಮಾನ್ಯ ಫೈಲ್. ಆಗ ಬರುವ ಎರರ್ "ನಾಟ್ ಎ ಡೈರೆಕ್ಟರಿ". ಬಹಳಷ್ಟು ಪ್ರೋಗ್ರಾಂಗಳು ಇದನ್ನು "ಪರ್ಮಿಷನ್ ಇಲ್ಲ" ಅಂತಲೋ "ಏನೋ ತಪ್ಪಾಗಿದೆ" ಅಂತಲೋ ತೋರಿಸುತ್ತವೆ.

"-ಎಂ" ಹಾಕಿ ಮೋಡ್ (ಯಾರು ಓದಬಹುದು, ಬರೆಯಬಹುದು ಅನ್ನುವ ಅನುಮತಿ ಸಂಖ್ಯೆ) ಕೊಟ್ಟರೆ ಅದು ಕೊನೆಯ ಡೈರೆಕ್ಟರಿಗೆ ಮಾತ್ರ ಅನ್ವಯಿಸುತ್ತದೆ. ನಡುವಿನವು ಯುಮಾಸ್ಕ್ (ಹೊಸದಕ್ಕೆ ಯಾವ ಅನುಮತಿ ಕೊಡಬಾರದು ಅನ್ನುವ ಸೆಟ್ಟಿಂಗ್) ಪ್ರಕಾರ ಹುಟ್ಟುತ್ತವೆ. ಗುಟ್ಟಾದ ಡೇಟಾ ಇಡಲು 700 (ಮಾಲೀಕರಿಗೆ ಮಾತ್ರ) ಕೊಟ್ಟಿದ್ದೀರಿ ಅಂದುಕೊಂಡಿರುತ್ತೀರಿ, ಮಧ್ಯದ ಎರಡು ಹಂತ 755 (ಬೇರೆಯವರೂ ಓದಬಹುದು) ಆಗಿರುತ್ತದೆ. ಟೆಸ್ಟ್‌ನಲ್ಲಿ ಪ್ರತಿ ಹಂತದ ಮೋಡ್ ಓದಿ ನೋಡಿ, ಕೊನೆಯದ್ದು ಮಾತ್ರ ಅಲ್ಲ.

ಪ್ರೋಗ್ರಾಮಿಂಗ್ ಭಾಷೆಗಳಲ್ಲೂ ಸಣ್ಣ ಸಣ್ಣ ವ್ಯತ್ಯಾಸ ಇದೆ. ಪೈಥಾನ್‌ನ "ಮೇಕ್‌ಡಿರ್ಸ್" ಡೈರೆಕ್ಟರಿ ಆಗಲೇ ಇದ್ದರೆ ಎರರ್ ಎಸೆಯುತ್ತದೆ, "ಎಕ್ಸಿಸ್ಟ್ ಓಕೆ" ಟ್ರೂ ಕೊಟ್ಟರೆ ಸುಮ್ಮನಿರುತ್ತದೆ. ಈ ಆಯ್ಕೆ ಪೈಥಾನ್ 3.2ರಿಂದ ಇದೆ. ಜಾವಾದ ಹಳೆಯ ಫೈಲ್ ಕ್ಲಾಸ್‌ನ "ಎಂಕೆಡಿರ್ಸ್" ಇದೆಯಲ್ಲ, ಅದು ಡೈರೆಕ್ಟರಿ ಮೊದಲೇ ಇದ್ದರೂ ಫಾಲ್ಸ್, ಮಾಡಲು ಆಗದಿದ್ದರೂ ಫಾಲ್ಸ್ ಕೊಡುತ್ತದೆ. ಯಾವುದು ಅಂತ ತಿಳಿಯುವುದು ಹೇಗೆ? ಹೊಸ ಫೈಲ್ಸ್ ಕ್ಲಾಸ್‌ನ "ಕ್ರಿಯೇಟ್ ಡೈರೆಕ್ಟರೀಸ್" ಬಳಸಿ, ಅದು ಕಾರಣ ಹೇಳಿ ಎಕ್ಸೆಪ್ಶನ್ ಎಸೆಯುತ್ತದೆ.

ಒಂದೇ ಸಲಕ್ಕೆ ಇಬ್ಬರು ಅದೇ ಡೈರೆಕ್ಟರಿ ಮಾಡಲು ಹೋದರೆ?

"ಇದೆಯಾ ನೋಡು, ಇಲ್ಲದಿದ್ದರೆ ಮಾಡು" ಅಂತ ಎರಡು ಹೆಜ್ಜೆಯಲ್ಲಿ ಬರೆದ ಕೋಡ್ ಇಲ್ಲಿ ಬೀಳುತ್ತದೆ. ನೋಡುವುದಕ್ಕೂ ಮಾಡುವುದಕ್ಕೂ ನಡುವೆ ಇನ್ನೊಂದು ಪ್ರೊಸೆಸ್ ಬಂದು ಮಾಡಿ ಹೋಗಿರುತ್ತದೆ. ಸರಿಯಾದ ದಾರಿ ಅಂದರೆ ನೇರವಾಗಿ ಮಾಡಲು ಹೋಗುವುದು, ಆಗಲೇ ಇದೆ ಅನ್ನುವ ಎರರ್ ಬಂದರೆ ಅದು ಡೈರೆಕ್ಟರಿಯೇ ಹೌದಾ ಅಂತ ನೋಡಿ ಮುಂದೆ ಹೋಗುವುದು. ಫೈಲ್ ವಿಷಯದಲ್ಲಿ "ಓ_ಕ್ರಿಯಾಟ್" ಜೊತೆ "ಓ_ಎಕ್ಸ್‌ಸಿಎಲ್" ಹಾಕಿದರೆ ಗೆಲ್ಲುವುದು ಒಬ್ಬರೇ ಅಂತ ಕರ್ನಲ್ ನೋಡಿಕೊಳ್ಳುತ್ತದೆ.

ಇದಕ್ಕಿಂತ ತಲೆನೋವಿನದು ಇನ್ನೊಂದು ಇದೆ. ಖಾಲಿ ಡೈರೆಕ್ಟರಿಗಳನ್ನು ಗುಡಿಸುವ ಕ್ರಾನ್ ಜಾಬ್ (ನಿಗದಿತ ಸಮಯಕ್ಕೆ ತಾನೇ ಓಡುವ ಕೆಲಸ) ಒಂದು ಓಡುತ್ತಿರುತ್ತದೆ. ನಿಮ್ಮ ಪ್ರೋಗ್ರಾಂ ಮಾಲೂರು ಡೈರೆಕ್ಟರಿ ಮಾಡುತ್ತದೆ, ಅದು ಆ ಕ್ಷಣಕ್ಕೆ ಖಾಲಿ. ಫೈಲ್ ತೆರೆಯುವಷ್ಟರಲ್ಲಿ ಕ್ರಾನ್ ಬಂದು ಅದನ್ನು ಅಳಿಸಿರುತ್ತದೆ. "ನೋ ಸಚ್ ಫೈಲ್ ಆರ್ ಡೈರೆಕ್ಟರಿ" ಅಂತ ಬರುತ್ತದೆ, ಲಾಗ್ ನೋಡಿದರೆ ಡೈರೆಕ್ಟರಿ ಮಾಡಿದ್ದು ಯಶಸ್ವಿ ಅಂತಲೇ ಇದೆ. ಟೆಸ್ಟ್‌ನಲ್ಲಿ ಒಂದು ಕಡೆ ಕ್ರಿಯೇಟ್ ಮಾಡುವ ಥ್ರೆಡ್‌ಗಳು, ಇನ್ನೊಂದು ಕಡೆ "ಫೈಂಡ್ -ಎಂಪ್ಟಿ -ಡಿಲೀಟ್" ಲೂಪ್‌ನಲ್ಲಿ ಓಡಿಸಿ. ಹೆಚ್ಚು ಹೊತ್ತು ಕಾಯಬೇಕಾಗಲ್ಲ.

ಎಷ್ಟು ಆಳಕ್ಕೆ ಹೋಗಬಹುದು? ಮಿತಿ ಇದೆಯಾ?

ಲಿನಕ್ಸ್‌ನಲ್ಲಿ ಒಂದು ಹೆಸರಿಗೆ 255 ಬೈಟ್. ಒಂದು ಸಿಸ್ಟಮ್ ಕಾಲ್‌ಗೆ ಕೊಡುವ ಪಾತ್‌ಗೆ 4,096 ಬೈಟ್, ಅದರಲ್ಲಿ ಒಂದು ಕೊನೆಯ ಸೊನ್ನೆ ಬೈಟ್‌ಗೆ. "ಎ" ಅನ್ನುವ ಒಂದೇ ಇಂಗ್ಲಿಷ್ ಅಕ್ಷರದ ಡೈರೆಕ್ಟರಿಗಳನ್ನು ಒಂದರೊಳಗೊಂದು ಇಟ್ಟರೆ ಸ್ಲ್ಯಾಶ್ ಸೇರಿ ಹಂತಕ್ಕೆ 2 ಬೈಟ್. ಸುಮಾರು 2,047 ಹಂತ.

ಆದರೆ ಇದು ಕಾಲ್‌ನ ಮಿತಿ, ಮರದ ಮಿತಿ ಅಲ್ಲ. ಒಂದೊಂದೇ ಡೈರೆಕ್ಟರಿಯೊಳಗೆ "ಸಿಡಿ" ಮಾಡಿಕೊಂಡು ಹೋಗಿ ಅಲ್ಲಿಂದ ಮುಂದಿನದನ್ನು ಮಾಡಿದರೆ 4,096 ದಾಟಿಯೂ ಇಳಿಯಬಹುದು. ಹಾಗೆ ಇಳಿದ ಮೇಲೆ ಪೂರ್ತಿ ಪಾತ್ ಕೊಟ್ಟು ಆ ಫೈಲ್ ತೆರೆಯಲು ಹೋದರೆ "ಫೈಲ್ ನೇಮ್ ಟೂ ಲಾಂಗ್". ನಿಮ್ಮ ಬ್ಯಾಕಪ್ ಟೂಲ್ ಇಂಥ ಮರವನ್ನು ಎದುರಿಸಿದಾಗ ಏನು ಮಾಡುತ್ತದೆ ಅಂತ ಒಮ್ಮೆ ನೋಡಿ. ಎರರ್ ಕೊಟ್ಟು ನಿಂತರೆ ಒಳ್ಳೆಯದು. ಸದ್ದಿಲ್ಲದೆ ಬಿಟ್ಟು ಮುಂದೆ ಹೋದರೆ ಅದು ಬಗ್.

ಸಿಂಬಾಲಿಕ್ ಲಿಂಕ್‌ಗಳಿದ್ದರೆ (ಇನ್ನೊಂದು ಪಾತ್‌ನತ್ತ ಕೈ ತೋರಿಸುವ ಫೈಲ್‌ಗಳು) ಒಂದು ಪಾತ್ ಬಿಡಿಸುವಾಗ 40ಕ್ಕಿಂತ ಹೆಚ್ಚು ಲಿಂಕ್ ದಾಟಲು ಲಿನಕ್ಸ್ ಬಿಡಲ್ಲ. ಡೈರೆಕ್ಟರಿಯೊಳಗೆ ಅದರ ಮೇಲಿನ ಡೈರೆಕ್ಟರಿಗೇ ಲಿಂಕ್ ಇಟ್ಟು, ನಿಮ್ಮ ಕೋಡ್ ಸುತ್ತುತ್ತಾ ಕೂರುತ್ತದಾ ನೋಡುವುದು ಎರಡು ನಿಮಿಷದ ಟೆಸ್ಟ್.

ವಿಂಡೋಸ್‌ನಲ್ಲಿ ಹಳೆಯ ಮಿತಿ ಪೂರ್ತಿ ಪಾತ್‌ಗೆ 260. ಡ್ರೈವ್ ಅಕ್ಷರವೂ ಕೊನೆಯ ಸೊನ್ನೆಯೂ ಅದರಲ್ಲೇ. ಡೈರೆಕ್ಟರಿಗೆ ಇನ್ನೂ ಕಡಿಮೆ, 248, ಯಾಕಂದರೆ ಒಳಗೆ ಹಳೆಯ ಮಾದರಿಯ 12 ಅಕ್ಷರದ ಫೈಲ್ ಹೆಸರಿಗೆ ಜಾಗ ಬಿಡಬೇಕು. ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗಳನ್ನು ಇನ್‌ಸ್ಟಾಲ್ ಮಾಡುವ ಎನ್‌ಪಿಎಂನ ಹಳೆಯ ಆವೃತ್ತಿಗಳು "ನೋಡ್ ಮಾಡ್ಯೂಲ್ಸ್" ಒಳಗೆ ಮತ್ತೆ ಮತ್ತೆ ಅದೇ ಹೆಸರಿನ ಡೈರೆಕ್ಟರಿ ಇಟ್ಟು ಈ ಗೋಡೆಗೆ ಢಿಕ್ಕಿ ಹೊಡೆಯುತ್ತಿದ್ದವು. 2015ರ ಎನ್‌ಪಿಎಂ 3 ಮರವನ್ನು ಆದಷ್ಟು ಚಪ್ಪಟೆ ಮಾಡಿತು. 2016ರ ವಿಂಡೋಸ್ 10 ಆವೃತ್ತಿ 1607ರಿಂದ ರಿಜಿಸ್ಟ್ರಿಯಲ್ಲಿ ಉದ್ದ ಪಾತ್ ಆನ್ ಮಾಡಬಹುದು, ಆದರೆ ಆಯಾ ಪ್ರೋಗ್ರಾಂ ಕೂಡ ತನ್ನ ಮ್ಯಾನಿಫೆಸ್ಟ್‌ನಲ್ಲಿ ಒಪ್ಪಿರಬೇಕು. ನಿಮ್ಮ ಮಷಿನ್‌ನಲ್ಲಿ ಆನ್ ಇದ್ದು ಗ್ರಾಹಕರ ಮಷಿನ್‌ನಲ್ಲಿ ಆಫ್ ಇರುವುದು ತೀರಾ ಮಾಮೂಲಿ.

ಕನ್ನಡದಲ್ಲಿ ಹೆಸರಿಟ್ಟ ಫೋಲ್ಡರ್‌ಗಳಿಗೆ ಬೇರೆ ಟೆಸ್ಟ್ ಬೇಕಾ?

ಖಂಡಿತ ಬೇಕು. ಇಂಗ್ಲಿಷ್ ಹೆಸರಿನಲ್ಲಿ ಎಂದೂ ಕಾಣದ ಮೂರು ತೊಂದರೆ ಇಲ್ಲಿ ಕಾಣುತ್ತವೆ.

ಮೊದಲನೆಯದು ಉದ್ದ. ಯುಟಿಎಫ್-8ನಲ್ಲಿ ಒಂದೊಂದು ಕನ್ನಡ ಯುನಿಕೋಡ್ ಚಿಹ್ನೆಗೂ 3 ಬೈಟ್. ಒತ್ತಕ್ಷರಕ್ಕೆ ಮತ್ತು ಗುಣಿತಕ್ಕೆ ಬೇರೆ ಲೆಕ್ಕ. "ಕನ್ನಡ" ಅನ್ನುವುದು ಕಣ್ಣಿಗೆ ಮೂರು ಅಕ್ಷರ. ಒಳಗೆ ಕ, ನ, ಹಲಂತ, ನ, ಡ ಅಂತ ಐದು ಚಿಹ್ನೆ, 15 ಬೈಟ್. ಹಾಗಾಗಿ 255 ಬೈಟ್ ಅಂದರೆ ಕನ್ನಡಕ್ಕೆ 85 ಚಿಹ್ನೆ ಅಷ್ಟೇ. "ಗ್ರಾಮ ಪಂಚಾಯಿತಿ ಸಾಮಾನ್ಯ ಸಭೆಯ ನಡಾವಳಿ ಮತ್ತು ಹಾಜರಾತಿ" ಅಂತ ಹೆಸರಿಡುವ ಅಭ್ಯಾಸ ಇದ್ದವರು ಈ ಮಿತಿಯ ಹತ್ತಿರ ಬೇಗ ಬರುತ್ತಾರೆ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಬೈಟ್ ಎಣಿಸಲ್ಲ, ಯುಟಿಎಫ್-16 ಘಟಕ ಎಣಿಸುತ್ತದೆ. ಅಲ್ಲಿ 255 ಕನ್ನಡ ಚಿಹ್ನೆ ಹಿಡಿಸುತ್ತದೆ. ಅಲ್ಲಿ 100 ಚಿಹ್ನೆಯ ಹೆಸರಿಟ್ಟು ಲಿನಕ್ಸ್ ಸರ್ವರ್‌ಗೆ ಕಾಪಿ ಮಾಡಿದರೆ ಎರರ್. ಇಕ್ರಿಪ್ಟ್‌ಎಫ್‌ಎಸ್ ಮೂಲಕ ಹೆಸರನ್ನೂ ಎನ್‌ಕ್ರಿಪ್ಟ್ ಮಾಡಿದ ಫೋಲ್ಡರ್ ಆದರೆ ಮಿತಿ 143 ಬೈಟ್. ಕನ್ನಡಕ್ಕೆ 47 ಚಿಹ್ನೆ.

ಎರಡನೆಯದು ಒಂದೇ ಥರ ಕಾಣುವ ಎರಡು ಹೆಸರು. "ಕೋಲಾರ" ಪದದ "ಕೋ" ನೋಡಿ. ಇದರ ಓತ್ವ ದೀರ್ಘವನ್ನು ಒಂದೇ ಚಿಹ್ನೆಯಾಗಿ ಬರೆಯಬಹುದು, ಇಲ್ಲವೇ ಬಿಡಿಸಿ ಮೂರು ಚಿಹ್ನೆಯಾಗಿ ಬರೆಯಬಹುದು. ಯುನಿಕೋಡ್ ಎರಡನ್ನೂ ಸಮ ಅನ್ನುತ್ತದೆ, ಪರದೆಯ ಮೇಲೂ ವ್ಯತ್ಯಾಸ ಕಾಣಬಾರದು. ಆದರೆ ಕೂಡಿಸಿದ ಕೋಲಾರ 15 ಬೈಟ್, ಬಿಡಿಸಿದ ಕೋಲಾರ 21 ಬೈಟ್. ಇಎಕ್ಸ್‌ಟಿ4 ಮಾಮೂಲಿಯಾಗಿ ಬೈಟ್ ಮಾತ್ರ ಹೋಲಿಸುವುದರಿಂದ ಒಂದೇ ಡೈರೆಕ್ಟರಿಯಲ್ಲಿ ಎರಡು ಕೋಲಾರ ಅಕ್ಕಪಕ್ಕ ಇರಬಹುದು. ಒಂದರಲ್ಲಿ ಫೈಲ್ ಇಡುತ್ತೀರಿ, ಇನ್ನೊಂದರಲ್ಲಿ ಹುಡುಕುತ್ತೀರಿ. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. 2017ರಲ್ಲಿ ಬಂದ ಎಪಿಎಫ್‌ಎಸ್ ಕೊಟ್ಟ ಹಾಗೇ ಇಡುತ್ತದೆ. ಹಳೆಯ ಮ್ಯಾಕ್‌ನಿಂದ ಬಂದ ಜಿಪ್, ಲಿನಕ್ಸ್‌ನಲ್ಲಿ ಟೈಪ್ ಮಾಡಿದ ಹೆಸರು ಎರಡೂ ಒಂದೇ ಮರದಲ್ಲಿ ಸೇರಿದಾಗ ಇದು ಆಗುತ್ತದೆ. "ಎಲ್‌ಎಸ್" ಔಟ್‌ಪುಟನ್ನು ಹೆಕ್ಸ್‌ಡಂಪ್‌ಗೆ ಕಳಿಸಿದರೆ ಬಣ್ಣ ಬಯಲಾಗುತ್ತದೆ. ಹೆಸರನ್ನು ಒಳಗೆ ತೆಗೆದುಕೊಳ್ಳುವಾಗಲೇ ಎನ್‌ಎಫ್‌ಸಿ, ಅಂದರೆ ಕೂಡಿಸಿದ ರೂಪಕ್ಕೆ ತಂದುಬಿಡುವುದು ನನ್ನ ಮಟ್ಟಿಗೆ ಇರುವ ಒಂದೇ ಸರಿಯಾದ ದಾರಿ.

ಮೂರನೆಯದು ಕಾಣದ ಚಿಹ್ನೆ. "ಸಾಫ್ಟ್‌ವೇರ್" ಅಂತ ಬರೆಯುವಾಗ ಒತ್ತು ಬೀಳದಿರಲು ನಡುವೆ ಒಂದು ಕಾಣದ ಬಿಡಿಸುವ ಚಿಹ್ನೆ ಹಾಕುತ್ತೇವೆ. ಅದೂ 3 ಬೈಟ್. ನಡುವೆ ಇದ್ದರೆ ಅಕ್ಷರದ ರೂಪದಲ್ಲಿ ಗೊತ್ತಾಗುತ್ತದೆ. ಹೆಸರಿನ ಕೊನೆಯಲ್ಲಿ ಉಳಿದುಬಿಟ್ಟರೆ ದೇವರಿಗೂ ಕಾಣಲ್ಲ. ಇಂಥ ಬಾಲ ಇರುವ ಒಂದು ಹೆಸರು ನಿಮ್ಮ ಟೆಸ್ಟ್ ಡೇಟಾದಲ್ಲಿ ಇರಲೇಬೇಕು.

ಸಮಾಧಾನದ ಸುದ್ದಿಯೂ ಇದೆ. ಕನ್ನಡದಲ್ಲಿ ದೊಡ್ಡಕ್ಷರ ಸಣ್ಣಕ್ಷರ ಇಲ್ಲದ್ದರಿಂದ ವಿಂಡೋಸ್ ಮತ್ತು ಮ್ಯಾಕ್‌ನಲ್ಲಿ ಇಂಗ್ಲಿಷ್ ಹೆಸರುಗಳಿಗೆ ಆಗುವ ಆ ಗೊಂದಲ ನಮಗಿಲ್ಲ.

ಟೆಸ್ಟ್ ಸರ್ವರ್‌ನಲ್ಲಿ ಪಾಸ್, ಪ್ರೊಡಕ್ಷನ್‌ನಲ್ಲಿ "ಪರ್ಮಿಷನ್ ಡಿನೈಡ್". ಯಾಕೆ?

ಹತ್ತರಲ್ಲಿ ಒಂಬತ್ತು ಸಲ ಟೆಸ್ಟ್ ರೂಟ್ ಆಗಿ ಓಡಿರುತ್ತದೆ. ಡಾಕರ್ ಕಂಟೇನರ್ ಒಳಗೆ ಯೂಸರ್ ಯಾರು ಅಂತ ಹೇಳದಿದ್ದರೆ ಎಲ್ಲವೂ ರೂಟ್. ರೂಟ್‌ಗೆ ಮೋಡ್ ಬಿಟ್‌ಗಳ ಹಂಗಿಲ್ಲ.

ಫೈಲ್ ಕ್ರಿಯೇಟ್ ಮಾಡಲು ಅದು ಇರುವ ಡೈರೆಕ್ಟರಿ ಮೇಲೆ ರೈಟ್ ಮತ್ತು ಎಕ್ಸಿಕ್ಯೂಟ್ ಎರಡೂ ಬೇಕು. ಮೇಲಿನ ಎಲ್ಲ ಡೈರೆಕ್ಟರಿಗಳ ಮೇಲೆ ಎಕ್ಸಿಕ್ಯೂಟ್ ಬೇಕು. ಕೊನೆಯದ್ದು 777 ಇದ್ದು ಮೇಲಿನ ಯಾವುದೋ ಒಂದು 700 ಆಗಿದ್ದರೆ ಒಳಗೆ ಕಾಲಿಡಲು ಆಗಲ್ಲ. "ನೇಮ್‌ಐ -ಎಲ್" ಕಮಾಂಡ್ ಪಾತ್‌ನ ಪ್ರತಿ ಹಂತದ ಮೋಡ್ ಸಾಲಾಗಿ ತೋರಿಸುತ್ತದೆ. ತುಂಬಾ ಕಡಿಮೆ ಜನ ಬಳಸುವ, ತುಂಬಾ ಒಳ್ಳೆಯ ಕಮಾಂಡ್.

ಯುಮಾಸ್ಕ್ 022 ಇದ್ದರೆ ಡೈರೆಕ್ಟರಿ 755, ಫೈಲ್ 644. ಅದೇ 077 ಇದ್ದರೆ 700 ಮತ್ತು 600, ವೆಬ್ ಸರ್ವರ್‌ಗೆ ಓದಲು ಆಗಲ್ಲ. ಟೆಸ್ಟನ್ನು ಎರಡರಲ್ಲೂ ಓಡಿಸಿ. ರೂಟ್‌ಗೂ ಬೀಳುವ ಪರಿಸ್ಥಿತಿ ಬೇಕಿದ್ದರೆ ರೀಡ್ ಓನ್ಲಿ ಮೌಂಟ್ ಮಾಡಿ, ಇಲ್ಲವೇ ನಡುವಿನ ಒಂದು ಡೈರೆಕ್ಟರಿಗೆ "ಚಾಟರ್ +ಐ" ಹಾಕಿ. ಆಮೇಲೆ ತೆಗೆಯುವುದನ್ನು ಮರೆಯಬೇಡಿ.

ಫೈಲ್ ನಿಜವಾಗಿ ಕ್ರಿಯೇಟ್ ಆಗಿದೆ ಅಂತ ಖಾತ್ರಿ ಮಾಡೋದು ಹೇಗೆ?

ಮಾಡಿದ ಪ್ರೋಗ್ರಾಂ ಬಾಯಿಂದಲೇ ಕೇಳಬೇಡಿ. ಕ್ರಿಯೇಟ್ ಮಾಡುವ ಮೊದಲೇ ಏನೇನು ಇರಬೇಕು ಅಂತ ಒಂದು ಪಟ್ಟಿ ಬರೆದಿಡಿ: ಪಾತ್, ಸೈಜ್, ಚೆಕ್‌ಸಮ್. ಪಟ್ಟಿ ಬೇರೆ ಫೈಲ್ ಸಿಸ್ಟಮ್ ಮೇಲೆ ಇರಲಿ. ಕೆಲಸ ಮುಗಿದ ಮೇಲೆ ಇಮೇಜನ್ನು ಅನ್‌ಮೌಂಟ್ ಮಾಡಿ ಮತ್ತೆ ಮೌಂಟ್ ಮಾಡಿ, ಆಗ ಮೆಮರಿಯಲ್ಲಿದ್ದ ಆ ಫೈಲ್ ಸಿಸ್ಟಮ್‌ನ ಕ್ಯಾಶ್ ಹೋಗುತ್ತದೆ. "ಫೈಂಡ್" ಕೊಟ್ಟ ಪಟ್ಟಿಯನ್ನು ಇದರ ಜೊತೆ ಹೋಲಿಸಿ. ಇರಬೇಕಾದ್ದು ಇಲ್ಲ ಅನ್ನುವುದರ ಜೊತೆ, ಇರಬಾರದ್ದು ಇದೆಯಾ ಅಂತಲೂ ನೋಡಿ. ಅನ್‌ಮೌಂಟ್ ಆದ ಸ್ಥಿತಿಯಲ್ಲಿ "ಇ2ಎಫ್‌ಎಸ್‌ಸಿಕೆ -ಎಫ್ -ಎನ್" ಓಡಿಸಿದರೆ ಏನನ್ನೂ ಬದಲಿಸದೆ ಒಳಗಿನ ರಚನೆ ಸರಿ ಇದೆಯಾ ಅಂತ ಹೇಳುತ್ತದೆ.

ಡೈರೆಕ್ಟರಿಯ ಲಿಂಕ್ ಕೌಂಟ್‌ನಿಂದ ಎರಡು ಕಳೆದು ಒಳಗೆ ಎಷ್ಟು ಡೈರೆಕ್ಟರಿ ಇದೆ ಅಂತ ಎಣಿಸುವ ಹಳೆಯ ಚಾಲಾಕಿ ಬಿಟ್ಟುಬಿಡಿ. ಬಿಟಿಆರ್‌ಎಫ್‌ಎಸ್‌ನಲ್ಲಿ ಡೈರೆಕ್ಟರಿಯ ಲಿಂಕ್ ಕೌಂಟ್ ಯಾವಾಗಲೂ 1.

ನಡುವೆ ಕರೆಂಟ್ ಹೋದ್ರೆ?

ಫೈಲ್ ಬರೆದು ಕ್ಲೋಸ್ ಮಾಡಿದ ಮಾತ್ರಕ್ಕೆ ಅದು ಡಿಸ್ಕ್ ಸೇರಿತು ಅಂತಲ್ಲ. ಇಎಕ್ಸ್‌ಟಿ4 ಜರ್ನಲ್ ಡೀಫಾಲ್ಟ್ ಆಗಿ 5 ಸೆಕೆಂಡಿಗೊಮ್ಮೆ ಕಮಿಟ್ ಆಗುತ್ತದೆ. ಖಾತ್ರಿ ಬೇಕಿದ್ದರೆ, ಮೆಮರಿಯಲ್ಲಿರುವುದನ್ನು ಈಗಲೇ ಡಿಸ್ಕಿಗೆ ಬರೆ ಅನ್ನುವ "ಎಫ್‌ಸಿಂಕ್" ಕರೆಯಬೇಕು. ಇಲ್ಲಿ ಬಹಳ ಜನ ಬಿಡುವ ಹೆಜ್ಜೆ ಒಂದಿದೆ. ಫೈಲ್ ಮೇಲೆ ಎಫ್‌ಸಿಂಕ್ ಮಾಡಿದರೆ ಫೈಲ್‌ನೊಳಗಿನ ಡೇಟಾ ಸೇಫ್. ಆದರೆ ಡೈರೆಕ್ಟರಿಯಲ್ಲಿ ಅದರ ಹೆಸರಿನ ನಮೂದು ಸೇಫ್ ಅಂತ ಭರವಸೆ ಇಲ್ಲ. ಲಿನಕ್ಸ್ ಮ್ಯಾನ್ ಪೇಜ್‌ನಲ್ಲೇ ಹೀಗೆ ಬರೆದಿದೆ. ಡೈರೆಕ್ಟರಿಯನ್ನೂ ತೆರೆದು ಅದರ ಮೇಲೂ ಎಫ್‌ಸಿಂಕ್ ಮಾಡಬೇಕು. ಮೂರು ಹಂತ ಹೊಸದಾಗಿ ಮಾಡಿದ್ದರೆ ಮೂರಕ್ಕೂ, ಜೊತೆಗೆ ಮೊದಲ ಹೊಸ ಡೈರೆಕ್ಟರಿಯನ್ನು ಹಿಡಿದಿರುವ ಹಳೆಯದಕ್ಕೂ.

ಟೆಸ್ಟ್ ಮಾಡಲು ಪ್ಲಗ್ ಕಿತ್ತು ನೋಡಬೇಕಿಲ್ಲ. ವರ್ಚುವಲ್ ಮಷಿನ್ ಒಳಗೆ ಓಡಿಸಿ, ಆ ಮಷಿನ್ನನ್ನು ಹೊರಗಿನಿಂದ ರೀಸೆಟ್ ಮಾಡಿ, ಇಲ್ಲವೇ ಲಿನಕ್ಸ್‌ನ ಡಿವೈಸ್ ಮ್ಯಾಪರ್‌ನ "ಲಾಗ್ ರೈಟ್ಸ್" ಬಳಸಿ. ಅದು ಪ್ರತಿ ಬರಹವನ್ನೂ ದಾಖಲಿಸಿಟ್ಟು, ಯಾವ ಕ್ಷಣಕ್ಕೆ ಬೇಕಾದರೂ ಡಿಸ್ಕ್ ಹೇಗಿತ್ತು ಅಂತ ಮರುಸೃಷ್ಟಿ ಮಾಡಲು ಬಿಡುತ್ತದೆ. ಪ್ರೋಗ್ರಾಂ ಮಾತ್ರ ಕೊಂದರೆ ಸಾಕಾಗಲ್ಲ, ಯಾಕಂದರೆ ಪ್ರೋಗ್ರಾಂ ಸತ್ತರೂ ಕರ್ನಲ್ ಕ್ಯಾಶ್‌ನಲ್ಲಿದ್ದದ್ದು ಆಮೇಲೆ ಡಿಸ್ಕಿಗೆ ಹೋಗುತ್ತದೆ.

ಟೆಕ್ಸಾಸ್ ವಿಶ್ವವಿದ್ಯಾಲಯದ ಆಸ್ಟಿನ್ ಕ್ಯಾಂಪಸ್‌ನ ತಂಡವೊಂದು ಇದೇ ವಿಷಯದ ಮೇಲೆ ಕ್ರ್ಯಾಶ್‌ಮಂಕಿ ಅನ್ನುವ ಟೂಲ್ ಮಾಡಿ 2018ರಲ್ಲಿ ಪ್ರಕಟಿಸಿತು. ಕ್ರಿಯೇಟ್, ಲಿಂಕ್, ರಿನೇಮ್‌ನಂಥ ಒಂದೆರಡು ಮೂರು ಕೆಲಸಗಳನ್ನು ಬೇರೆ ಬೇರೆ ಥರ ಜೋಡಿಸಿ, ಕ್ರ್ಯಾಶ್ ಆದಂತೆ ಮಾಡಿ ನೋಡುವುದು ಅದರ ವಿಧಾನ. ವರ್ಷಗಳಿಂದ ಬಳಕೆಯಲ್ಲಿದ್ದ ಲಿನಕ್ಸ್ ಫೈಲ್ ಸಿಸ್ಟಮ್‌ಗಳಲ್ಲೇ ಯಾರಿಗೂ ಗೊತ್ತಿರದ 10 ಬಗ್ ಸಿಕ್ಕವು. ಸಾವಿರ ಹಂತದ ಮರ ಕಟ್ಟುವುದಕ್ಕಿಂತ ಎರಡು ಹಂತದ ಮರದಲ್ಲಿ ಸರಿಯಾದ ಜಾಗಕ್ಕೆ ಕತ್ತರಿ ಹಾಕುವುದು ಹೆಚ್ಚು ಫಲ ಕೊಡುತ್ತದೆ ಅನ್ನುವುದಕ್ಕೆ ಇದು ಒಳ್ಳೆ ಉದಾಹರಣೆ.

ನಮ್ಮ ವಾಚರ್ ಕೆಲವು ಹೊಸ ಫೈಲ್‌ಗಳನ್ನು ನೋಡೋದೇ ಇಲ್ಲ. ಫೈಲ್ ಇದೆ, ಈವೆಂಟ್ ಇಲ್ಲ!

ವಾಚರ್ ಅಂದರೆ ಹೊಸ ಫೈಲ್ ಬಂತಾ ಅಂತ ಕಾಯುವ ಪ್ರೋಗ್ರಾಂ. ಅದಕ್ಕೆ ಸುದ್ದಿ ಕೊಡುವ ಲಿನಕ್ಸ್‌ನ ಐನೋಟಿಫೈ, ಒಳಗಿನ ಡೈರೆಕ್ಟರಿಗಳನ್ನು ತಾನಾಗಿ ಗಮನಿಸಲ್ಲ. ಹೊಸ ಡೈರೆಕ್ಟರಿ ಹುಟ್ಟಿದ ಈವೆಂಟ್ ಬಂದ ಮೇಲೆ ನಿಮ್ಮ ಪ್ರೋಗ್ರಾಂ ಅದಕ್ಕೆ ಹೊಸ ವಾಚ್ ಹಾಕಬೇಕು. ಅಷ್ಟರೊಳಗೆ ಆ ಡೈರೆಕ್ಟರಿಯೊಳಗೆ ಫೈಲ್ ಬಂದು ಕೂತಿದ್ದರೆ ಅದರ ಈವೆಂಟ್ ನಿಮಗೆ ಸಿಗಲ್ಲ. "ಎಂಕೆಡಿರ್ -ಪಿ" ಮಾಡಿ ತಕ್ಷಣ ಫೈಲ್ ಬರೆಯುವ ಟೆಸ್ಟ್ ಇದನ್ನು ಸುಲಭವಾಗಿ ಹಿಡಿಯುತ್ತದೆ. ವಾಚ್ ಹಾಕಿದ ಮೇಲೆ ಡೈರೆಕ್ಟರಿಯನ್ನು ಒಮ್ಮೆ ಓದಿ ನೋಡುವುದೇ ಪರಿಹಾರ.

ಪೆನ್‌ಡ್ರೈವ್, ಎನ್‌ಎಫ್‌ಎಸ್, ಎಸ್3 ಮೇಲೆ ಅದೇ ಟೆಸ್ಟ್ ಓಡಿಸಬಹುದಾ?

ಓಡಿಸಿ, ಆದರೆ ಅದೇ ಉತ್ತರ ನಿರೀಕ್ಷಿಸಬೇಡಿ. ಪೆನ್‌ಡ್ರೈವ್‌ಗಳಲ್ಲಿ ಸಾಮಾನ್ಯವಾದ ಎಫ್‌ಎಟಿ32ನಲ್ಲಿ ಒಂದು ಡೈರೆಕ್ಟರಿಗೆ 32 ಬೈಟ್‌ನ 65,536 ನಮೂದು ಅಷ್ಟೇ, ಮತ್ತು ಉದ್ದ ಹೆಸರು ಒಂದೊಂದು 13 ಚಿಹ್ನೆಗೂ ಒಂದು ಹೆಚ್ಚುವರಿ ನಮೂದು ತಿನ್ನುತ್ತದೆ. ಮೋಡ್ ಬಿಟ್‌ಗಳು ಅಲ್ಲಿಲ್ಲ. ಎನ್‌ಎಫ್‌ಎಸ್‌ನಲ್ಲಿ (ನೆಟ್‌ವರ್ಕ್ ಮೂಲಕ ಹಂಚಿಕೊಳ್ಳುವ ಫೈಲ್ ಸಿಸ್ಟಮ್) ಒಂದು ಮಷಿನ್ ಮಾಡಿದ ಫೈಲ್ ಇನ್ನೊಂದಕ್ಕೆ ತಡವಾಗಿ ಕಾಣಬಹುದು. ಲಿನಕ್ಸ್ ಕ್ಲೈಂಟ್ ಡೈರೆಕ್ಟರಿಯ ವಿವರವನ್ನು ಡೀಫಾಲ್ಟ್ ಆಗಿ 30ರಿಂದ 60 ಸೆಕೆಂಡ್ ಕ್ಯಾಶ್ ಮಾಡುತ್ತದೆ. ಅಮೆಜಾನ್‌ನ ಕ್ಲೌಡ್ ಸಂಗ್ರಹವಾದ ಎಸ್3ಯ ಸಾಮಾನ್ಯ ಬಕೆಟ್‌ನಲ್ಲಂತೂ ಡೈರೆಕ್ಟರಿ ಅನ್ನುವುದೇ ಇಲ್ಲ. ಸ್ಲ್ಯಾಶ್ ಇರುವ ಉದ್ದ ಹೆಸರು ಅಷ್ಟೇ, 1,024 ಬೈಟ್‌ವರೆಗೆ.

ಒಂದೇ ಡೈರೆಕ್ಟರಿಯಲ್ಲಿ ಲಕ್ಷ ಫೈಲ್ ಇಡೋದಕ್ಕಿಂತ ಒಳಗೊಳಗೆ ಹಂಚೋದು ಒಳ್ಳೇದಾ?

ಇಎಕ್ಸ್‌ಟಿ4 ಡೈರೆಕ್ಟರಿಗಳಿಗೆ ಹ್ಯಾಶ್ ಇಂಡೆಕ್ಸ್ ಇರುವುದರಿಂದ ಹೆಸರು ಹಿಡಿದು ಹುಡುಕುವುದು ಲಕ್ಷದಲ್ಲೂ ವೇಗವೇ. ಕಷ್ಟ ಆಗುವುದು ಪಟ್ಟಿ ಮಾಡುವಾಗ, ಬ್ಯಾಕಪ್ ಮಾಡುವಾಗ, "ಎಲ್‌ಎಸ್" ಹಾಕಿ ಕಾಯುವ ಮನುಷ್ಯನಿಗೆ. ಗಿಟ್ ತನ್ನ ಆಬ್ಜೆಕ್ಟ್‌ಗಳನ್ನು ಹ್ಯಾಶ್‌ನ ಮೊದಲ ಎರಡು ಅಕ್ಷರದ ಹೆಸರಿನ 256 ಡೈರೆಕ್ಟರಿಗಳಿಗೆ ಹಂಚುತ್ತದೆ. ಹೆಚ್ಚಿನವರಿಗೆ ಅಷ್ಟು ಸಾಕು.

ವೇಗ ಅಳೆಯುವುದಾದರೆ ಸಿಂಕ್ ಮಾಡುವ ಸಮಯವನ್ನೂ ಸೇರಿಸಿ ಅಳೆಯಿರಿ. ಇಲ್ಲದಿದ್ದರೆ ನೀವು ಅಳೆದದ್ದು ರ‍್ಯಾಮ್‌ನ ವೇಗ.

ರೆಡಿಮೇಡ್ ಟೂಲ್ ಇಲ್ವಾ?

ಇವೆ. ಡೈರೆಕ್ಟರಿ ಮರ ಕಟ್ಟಿ ವೇಗ ಅಳೆಯುವ ಎಂಡಿಟೆಸ್ಟ್‌ನಲ್ಲಿ "-ಜಡ್" ಆಳ, "-ಬಿ" ಅಗಲ, ದೊಡ್ಡಕ್ಷರದ "-ಐ" ಒಂದು ಡೈರೆಕ್ಟರಿಗೆ ಎಷ್ಟು ಫೈಲ್. ಎಕ್ಸ್‌ಎಫ್‌ಎಸ್‌ಟೆಸ್ಟ್ಸ್ ಮೊದಲು ಎಸ್‌ಜಿಐ ಕಂಪನಿಯಲ್ಲಿ ಎಕ್ಸ್‌ಎಫ್‌ಎಸ್‌ಗಾಗಿ ಹುಟ್ಟಿತು, ಈಗ ಲಿನಕ್ಸ್‌ನ ಮುಖ್ಯ ಫೈಲ್ ಸಿಸ್ಟಮ್‌ಗಳಿಗೆಲ್ಲ ಬಳಕೆಯಲ್ಲಿದೆ. ಅದರ ಜೊತೆಗಿರುವ ಎಫ್‌ಎಸ್‌ಸ್ಟ್ರೆಸ್ ಮನಬಂದಂತೆ ಫೈಲ್ ಮಾಡಿ, ಅಳಿಸಿ, ಹೆಸರು ಬದಲಿಸುತ್ತದೆ. ಸೀಡ್ ಸಂಖ್ಯೆ ಬರೆದಿಟ್ಟುಕೊಳ್ಳಿ, ಅದಿಲ್ಲದೆ ಅದೇ ಕೆಲಸಗಳ ಸರಣಿಯನ್ನು ಇನ್ನೊಮ್ಮೆ ಓಡಿಸಲು ಆಗಲ್ಲ. ಪಿಜೆಡಿಎಫ್‌ಎಸ್‌ಟೆಸ್ಟ್ ಅನ್ನುವುದು ಫೈಲ್ ಸಿಸ್ಟಮ್ ಪಾಸಿಕ್ಸ್ (ಯುನಿಕ್ಸ್ ಮಾದರಿಯ ಸಿಸ್ಟಮ್‌ಗಳ ಮಾನದಂಡ) ನಿಯಮ ಪಾಲಿಸುತ್ತಾ, ಎರರ್ ಕೋಡ್ ಸರಿ ಇದೆಯಾ ಅಂತ ನೋಡುತ್ತದೆ. ಇವೆಲ್ಲ ಫೈಲ್ ಸಿಸ್ಟಮ್ ಪರೀಕ್ಷಿಸುವ ಟೂಲ್. ನಿಮ್ಮ ಅಪ್ಲಿಕೇಶನ್‌ಗೆ ಟೆಸ್ಟ್ ನೀವೇ ಬರೆಯಬೇಕು.

ಟೆಸ್ಟ್ ಅರ್ಧಕ್ಕೆ ನಿಂತು ಉಳಿದ ಮರವನ್ನು ಏನು ಮಾಡೋದು?

ಮೊದಲು ಅಳಿಸಬೇಡಿ. ಎಲ್ಲಿಯವರೆಗೆ ಬಂದು ನಿಂತಿತು ಅಂತ ಪಟ್ಟಿ ತೆಗೆದುಕೊಳ್ಳಿ. ಅದೇ ಅರ್ಧ ಮರದ ಮೇಲೆ ಪ್ರೋಗ್ರಾಂ ಮತ್ತೊಮ್ಮೆ ಓಡಿಸಿ: ಉಳಿದದ್ದನ್ನು ಪೂರ್ತಿ ಮಾಡುತ್ತದಾ, ಎಲ್ಲ ಮೊದಲಿನಿಂದ ಮಾಡುತ್ತದಾ, ಅಥವಾ ಸೊನ್ನೆ ಬೈಟ್‌ನ ಫೈಲ್ ನೋಡಿ "ಆಗಲೇ ಇದೆ" ಅಂತ ಬಿಟ್ಟು ಹೋಗುತ್ತದಾ? ಮೂರನೆಯದು ಸಿಕ್ಕರೆ ಪರಿಹಾರ ಹಳೆಯದೇ. ತಾತ್ಕಾಲಿಕ ಹೆಸರಿನಲ್ಲಿ ಅದೇ ಡೈರೆಕ್ಟರಿಯೊಳಗೆ ಬರೆದು, ಎಫ್‌ಸಿಂಕ್ ಮಾಡಿ, ಆಮೇಲೆ ನಿಜವಾದ ಹೆಸರಿಗೆ ರಿನೇಮ್ ಮಾಡುವುದು. ಆ ತಾತ್ಕಾಲಿಕ ಫೈಲ್‌ಗಳನ್ನು ಮುಂದಿನ ಓಟದಲ್ಲಿ ಯಾರು ಗುಡಿಸುತ್ತಾರೆ ಅನ್ನುವುದಕ್ಕೂ ಒಂದು ಟೆಸ್ಟ್ ಇರಲಿ.

ಆಮೇಲೆ "ಆರ್‌ಎಂ -ಆರ್‌ಎಫ್" ಹಾಕಿ ಕಾಯುವ ಬದಲು ಇಮೇಜನ್ನು ಅನ್‌ಮೌಂಟ್ ಮಾಡಿ, ಆ ಒಂದು ಫೈಲ್ ಅಳಿಸಿ ಹೊಸದು ಮಾಡಿಕೊಳ್ಳಿ. ಇದು ಬೇಗ ಆಗುತ್ತದೆ ಅನ್ನುವುದು ಒಂದು ಕಾರಣ. ಇನ್ನೊಂದು, ಇಎಕ್ಸ್‌ಟಿ4ನಲ್ಲಿ ಒಮ್ಮೆ ದೊಡ್ಡದಾಗಿ ಬೆಳೆದ ಡೈರೆಕ್ಟರಿ ಒಳಗಿನ ಫೈಲ್ ಎಲ್ಲ ಅಳಿಸಿದರೂ ಸಣ್ಣದಾಗಲ್ಲ. ಖಾಲಿ ಡೈರೆಕ್ಟರಿಗೆ "ಎಲ್‌ಎಸ್ -ಎಲ್‌ಡಿ" ಹಾಕಿ, 4,096 ಇರಬೇಕಾದ ಕಡೆ ಲಕ್ಷಗಟ್ಟಲೆ ಬೈಟ್ ತೋರಿಸುತ್ತಿರುತ್ತದೆ. ಅದರ ಮೇಲೆ ಓಡಿಸಿದ ಮುಂದಿನ ಟೆಸ್ಟ್ ಹೊಸ ಡಿಸ್ಕಿನ ಟೆಸ್ಟ್ ಆಗಲ್ಲ.